ಪದ ಅಂದರೆ ಮಾತೂ ಹೌದು, ಹಾಡೂ ಹೌದು



'ಪದ' ಎಂಬ ಮಾತನ್ನು ಓದಿ. ಎರಡೇ ಅಕ್ಷರ. ಪ, ದ.

ಕಲಿಕಾ ಕೇಂದ್ರದಲ್ಲಿ ಪದ ಎಂದರೆ ಏನು? ಅಕ್ಷರ ಕೂಡಿಸಿ ಬರೆದ ಒಂದು ಮಾತು. 'ಮರ' ಒಂದು ಪದ. 'ರಾಗಿ' ಒಂದು ಪದ.

ಮನೆಯಲ್ಲಿ, ಹೊಲದಲ್ಲಿ ಪದ ಎಂದರೆ ಏನು? ಹಾಡು. "ಒಂದು ಪದ ಹೇಳವ್ವ" ಅಂದರೆ "ಒಂದು ಹಾಡು ಹೇಳು" ಎಂದು ಅರ್ಥ.

ನಮ್ಮ ಹಿರಿಯರಿಗೆ ಮಾತು ಬೇರೆ, ಹಾಡು ಬೇರೆ ಆಗಿರಲಿಲ್ಲ. ಅದಕ್ಕೇ ಎರಡಕ್ಕೂ ಒಂದೇ ಹೆಸರು.

ಮೊದಲನೇ ಪದವನ್ನು ನೀವು ಈಗ ಓದಲು ಕಲಿತಿದ್ದೀರಿ. ಎರಡನೇ ಪದ ನಿಮಗೆ ಮೊದಲೇ ಗೊತ್ತಿತ್ತು. ಅಕ್ಷರ ಬಾರದ ದಿನಗಳಲ್ಲೂ ಗೊತ್ತಿತ್ತು. ಕೂಟಗಲ್ಲಿನ ಕಡೆಯ ಹಳ್ಳಿಗಳಿರಲಿ, ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆ ಇರಲಿ, ಹಾಡು ಬಾರದ ಊರಿಲ್ಲ. ಆ ಹಾಡಿನ ಒಳಗೆ ಏನೇನಿದೆ? ಅದನ್ನು ಹೇಗೆ ಕಟ್ಟುತ್ತಾರೆ? ಈ ಪಾಠದಲ್ಲಿ ತಿಳಿಯೋಣ.

ಕೆಲಸದ ಜೊತೆ ಹುಟ್ಟಿದ ಹಾಡು

ಒಂದು ಒರಳು. ಇಬ್ಬರು ಹೆಂಗಸರು. ಎರಡು ಒನಕೆ. ಒಬ್ಬಳ ಒನಕೆ ಇಳಿದಾಗ ಇನ್ನೊಬ್ಬಳ ಒನಕೆ ಏಳಬೇಕು. ಲೆಕ್ಕ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಕೈಗೆ ಪೆಟ್ಟು ಬೀಳುತ್ತದೆ.

ಲೆಕ್ಕ ತಪ್ಪದ ಹಾಗೆ ಮಾಡುವುದು ಯಾವುದು? ಹಾಡು. ಕುಟ್ಟುವ ಪದದಲ್ಲಿ 'ಸುವ್ವಿ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಮಾತಿಗೆ ಸರಿಯಾಗಿ ಒನಕೆ ಬೀಳುತ್ತದೆ. ಹೀಗೆ ಸಮವಾಗಿ ಬೀಳುವ ಪೆಟ್ಟಿಗೆ ಲಯ ಎನ್ನುತ್ತಾರೆ. ನಮ್ಮ ಎದೆ ಬಡಿತಕ್ಕೂ ಲಯ ಇದೆ. ನಡಿಗೆಗೂ ಲಯ ಇದೆ.

ರಾಗಿ ಬೀಸುವಾಗ ಕಲ್ಲು ಸುತ್ತುತ್ತದೆ. ಕುಟ್ಟುವ ಹಾಗೆ ಅಲ್ಲಿ ಪೆಟ್ಟಿಲ್ಲ. ಒಂದೇ ಸಮ ಎಳೆತ ಇದೆ. ಅದಕ್ಕೇ ಬೀಸುವ ಪದ ನಿಧಾನವಾಗಿ, ಎಳೆದು ಎಳೆದು ಬರುತ್ತದೆ. ಮಗು ತೂಗುವ ಜೋಗುಳದಲ್ಲಿ ತೊಟ್ಟಿಲಿನ ತೂಗಾಟ ಇದೆ. ಕೋಲಾಟದ ಪದದಲ್ಲಿ ಕೋಲಿನ ಪೆಟ್ಟು ಇದೆ. ಕೆಲಸ ಹೇಗೋ ಹಾಡೂ ಹಾಗೆ.

ಮದುವೆ ಮನೆಯಲ್ಲಿ ಸೋಬಾನೆ ಪದ ಹೇಳುತ್ತಾರೆ. ಎಣ್ಣೆ ಶಾಸ್ತ್ರಕ್ಕೆ ಒಂದು ಪದ. ಹಸೆಗೆ ಕರೆಯಲು ಒಂದು ಪದ. ಆರತಿಗೆ ಒಂದು ಪದ. ಒಬ್ಬಾಕೆ ಮುಂದೆ ಹೇಳುತ್ತಾಳೆ. ಉಳಿದವರು ಒಂದು ಸಾಲನ್ನು ಹಿಡಿದು ಮತ್ತೆ ಮತ್ತೆ ಹೇಳುತ್ತಾರೆ. ಆ ಸಾಲಿಗೆ ಸೊಲ್ಲು ಎಂದು ಹೆಸರು. ಪುಸ್ತಕದಲ್ಲಿ ಇದನ್ನೇ ಪಲ್ಲವಿ ಎಂದು ಬರೆಯುತ್ತಾರೆ.

ಸೊಲ್ಲು ಏಕೆ ಬೇಕು? ಮುಂದೆ ಹೇಳುವಾಕೆಗೆ ಉಸಿರು ಎಳೆಯಲು ಹೊತ್ತು ಸಿಗುತ್ತದೆ. ಮುಂದಿನ ಸಾಲು ನೆನಪಿಗೆ ಬರುತ್ತದೆ. ಹಾಡು ಪೂರ್ತಿ ಬಾರದವರೂ ದನಿ ಸೇರಿಸಬಹುದು. ಯಾರನ್ನೂ ಹೊರಗೆ ಬಿಡುವುದಿಲ್ಲ.

ಮೂರು ಸಾಲಿನ ಪದ

ನಮ್ಮ ಹೆಂಗಸರು ಹೇಳುವ ಎಷ್ಟೋ ಪದಗಳಿಗೆ ಮೂರೇ ಸಾಲು. ಇದಕ್ಕೆ ತ್ರಿಪದಿ ಎಂದು ಹೆಸರು. 'ತ್ರಿ' ಎಂದರೆ ಮೂರು.

ಈ ಪಾಠಕ್ಕೆಂದೇ ಕಟ್ಟಿದ ಒಂದು ಪದ ಇಲ್ಲಿದೆ. ಜೋರಾಗಿ ಓದಿ:

ಸೊಪ್ಪುಂಡು ನಾಕ್ ಜ್ವರವ ತಪ್ಪದೆ ದಾಟೈತೆ
ಒಪ್ಪಾಗಿ ಗೂಡ ಕಟ್ಟೈತೆ – ನನ ಹುಳುವು
ಚಿಪ್ಪೊಳಗೆ ಮುತ್ತು ಮಲಗೈತೆ

ರೇಷ್ಮೆ ಸಾಕುವ ಮನೆಯವರಿಗೆ ಇದರ ಅರ್ಥ ಹೇಳಬೇಕಿಲ್ಲ. ಈಗ ಕಟ್ಟಡ ನೋಡೋಣ.

ಮೊದಲ ಎರಡು ಸಾಲು ಉದ್ದ. ಮೂರನೆಯದು ಚಿಕ್ಕದು. ಎರಡು ಸಾಲಿನಲ್ಲಿ ಸಂಗತಿ ಹೇಳಿ, ಮೂರನೆಯದರಲ್ಲಿ ಗಂಟು ಹಾಕಿದ ಹಾಗೆ.

ಇನ್ನು ಪ್ರತಿ ಸಾಲಿನ ಮೊದಲ ಪದ ನೋಡಿ. ಸೊಪ್ಪು, ಒಪ್ಪಾ, ಚಿಪ್ಪೊ. ಮೂರರಲ್ಲೂ ಎರಡನೇ ಅಕ್ಷರ 'ಪ್ಪ'ದ ಗುಂಪಿನದು. ಹೀಗೆ ಒಂದೇ ಅಕ್ಷರ ತಿರುಗಿ ಬರುವುದಕ್ಕೆ ಪ್ರಾಸ ಎನ್ನುತ್ತಾರೆ. ಸಾಲಿನ ಮೊದಲಲ್ಲಿ ಬಂದರೆ ಆದಿಪ್ರಾಸ. ಕೊನೆಯಲ್ಲಿ ಬಂದರೆ ಅಂತ್ಯಪ್ರಾಸ. ಮೇಲಿನ ಪದದಲ್ಲಿ ದಾಟೈತೆ, ಮಲಗೈತೆ ಎಂದು ಕೊನೆಯಲ್ಲೂ ಪ್ರಾಸ ಇದೆ.

ಪ್ರಾಸ ಕಿವಿಗೆ ಇಂಪು. ಅಷ್ಟೇ ಅಲ್ಲ, ನೆನಪಿಗೆ ಗೂಟ. ದನವನ್ನು ಗೂಟಕ್ಕೆ ಕಟ್ಟಿದರೆ ಎಲ್ಲೂ ಹೋಗುವುದಿಲ್ಲ. ಮಾತನ್ನು ಪ್ರಾಸಕ್ಕೆ ಕಟ್ಟಿದರೆ ಮರೆತು ಹೋಗುವುದಿಲ್ಲ. ಬರೆದಿಡಲು ಬಾರದ ಕಾಲದಲ್ಲಿ ನೂರಾರು ಪದ ಬಾಯಲ್ಲಿ ಉಳಿದದ್ದು ಹೀಗೆ.

ತ್ರಿಪದಿ ಬಹಳ ಹಳೆಯದು. ಬಾದಾಮಿಯಲ್ಲಿ ಬಂಡೆಯ ಮೇಲೆ ಕೆತ್ತಿದ ಒಂದು ಶಾಸನ ಇದೆ. ಕಪ್ಪೆ ಅರಭಟ್ಟನ ಶಾಸನ ಎಂದು ಅದರ ಹೆಸರು. ಅದು ಸುಮಾರು 1300 ವರ್ಷದ ಹಿಂದಿನದು. ಅದರಲ್ಲಿ ತ್ರಿಪದಿ ಇದೆ. ಸರ್ವಜ್ಞ ತನ್ನ ವಚನಗಳನ್ನು ತ್ರಿಪದಿಯಲ್ಲೇ ಹೇಳಿದ. ಬಾದಾಮಿಯ ಬಂಡೆಯಲ್ಲಿರುವ ಅದೇ ಕಟ್ಟಡ ನಮ್ಮ ರಾಗಿಕಲ್ಲಿನ ಹಾಡಿನಲ್ಲೂ ಇದೆ. ಇದು ಸಣ್ಣ ಮಾತಲ್ಲ.

ನಾಲ್ಕು ಸಾಲಿನ ಪದ

ಈಗ ನಾಲ್ಕು ಸಾಲು ಓದಿ. ಇದನ್ನೂ ಈ ಪಾಠಕ್ಕೇ ಕಟ್ಟಿದ್ದು:

ಬೆಟ್ಟದ ನೆತ್ತಿ ಮೇಲೆ ಮೋಡ
ಹೊದ್ದು ಕೂತಿದೆ ಕಂಬಳಿ
ಇಳಿದು ಬಾರೆ ಮಳೆಯೇ ಬೇಗ
ಬಾಯಿ ಬಿಟ್ಟಿದೆ ನಮ್ಮ ಹಳ್ಳಿ

ಎರಡನೇ ಸಾಲು 'ಕಂಬಳಿ'. ನಾಲ್ಕನೇ ಸಾಲು 'ಹಳ್ಳಿ'. ಇದು ಅಂತ್ಯಪ್ರಾಸ. ಮಕ್ಕಳ ಶಾಲೆ ಪುಸ್ತಕದಲ್ಲಿ ಇಂಥ ಪದ್ಯ ಬಹಳ.

ಹಳೆಯ ಕಾಲದಲ್ಲೂ ನಾಲ್ಕು ಸಾಲಿನ ಹಾಡು ಇತ್ತು. ಸಾಂಗತ್ಯ ಎಂದು ಅದರ ಹೆಸರು. ಸಾಂಗತ್ಯದಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದ ಹೆಣ್ಣುಮಗಳ ಸಂಗತಿ ಕೇಳಿ.

ಅವಳ ಹೆಸರು ಹೊನ್ನಮ್ಮ. ಊರು ಯಳಂದೂರು. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅವಳಿಗೆ ಕೆಲಸ. ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಹೊನ್ನಮ್ಮನ ಕೆಲಸ ಏನು? ಎಲೆ ಅಡಿಕೆಯ ಸಂಚಿ ಹಿಡಿಯುವುದು. ಅದಕ್ಕೇ ಅವಳನ್ನು ಸಂಚಿ ಹೊನ್ನಮ್ಮ ಎಂದು ಕರೆದರು.

ಸಂಚಿ ಹಿಡಿದ ಕೈ ಲೇಖನಿಯನ್ನೂ ಹಿಡಿಯಿತು. 'ಹದಿಬದೆಯ ಧರ್ಮ' ಎಂಬ ಕಾವ್ಯ ಬರೆಯಿತು. ಹದಿಬದೆ ಎಂದರೆ ಪತಿವ್ರತೆ. ಆ ಕಾಲದ ಗೃಹಿಣಿ ಹೇಗಿರಬೇಕು ಎಂದು ಪುಸ್ತಕ ಹೇಳುತ್ತದೆ. ಅದರ ನಡುವೆಯೇ, ಹೆಣ್ಣು ಎಂದು ಹೀಗಳೆಯುವವರನ್ನು ಹೊನ್ನಮ್ಮ ಗಟ್ಟಿಯಾಗಿ ಪ್ರಶ್ನೆ ಮಾಡಿದ್ದಾಳೆ. ಮುನ್ನೂರು ವರ್ಷದ ಹಿಂದೆ ಕೇಳಿದ ಪ್ರಶ್ನೆ ಇವತ್ತಿಗೂ ಉಳಿದಿದೆ. ಏಕೆ ಉಳಿಯಿತು? ಬರೆದಿಟ್ಟದ್ದರಿಂದ.

ಸಾಲಿನ ಲೆಕ್ಕ ಇಲ್ಲದ ಪದ

ಪದ್ಯಕ್ಕೆ ಪ್ರಾಸ ಇರಲೇಬೇಕೇ? ಬೇಕಿಲ್ಲ.

ಸುಮಾರು 850 ವರ್ಷದ ಹಿಂದೆ ಶರಣರು ವಚನ ಹೇಳಿದರು. ವಚನ ಎಂದರೆ ಮಾತು. ಅದರಲ್ಲಿ ಸಾಲು ಇಷ್ಟೇ ಇರಬೇಕು ಎಂಬ ಕಟ್ಟು ಇಲ್ಲ. ಎದುರಿಗೆ ಕೂತು ಮಾತಾಡಿದ ಹಾಗೆ ಇರುತ್ತದೆ. ಕೊನೆಗೆ ಇಷ್ಟದೈವದ ಹೆಸರು ಬರುತ್ತದೆ. ಅದಕ್ಕೆ ಅಂಕಿತ ಎನ್ನುತ್ತಾರೆ. ಅಂಕಿತ ನೋಡಿದರೆ ಯಾರ ವಚನ ಎಂದು ಗೊತ್ತಾಗುತ್ತದೆ. ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅದು ಅಕ್ಕಮಹಾದೇವಿಯದು.

ವಚನ ಹೇಳಿದ ಹೆಂಗಸರು ಮೂವತ್ತಕ್ಕೂ ಹೆಚ್ಚು. ಅವರೆಲ್ಲ ಅರಮನೆಯವರಲ್ಲ. ಲಕ್ಕಮ್ಮ ಎಂಬಾಕೆಯ ಗಂಡ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾಡುತ್ತಿದ್ದ. ಅದಕ್ಕೇ ಅವಳು ಆಯ್ದಕ್ಕಿ ಲಕ್ಕಮ್ಮ. ಒಂದು ದಿನ ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದು ಆಸೆ ಎಂದು ತಿಳಿಹೇಳಿದಳು. ಮನೆಯ ಮಾತೇ ಅವಳಿಗೆ ವಚನವಾಯಿತು.

ಪ್ರಾಸ ಇಲ್ಲದ ಒಂದು ಸಣ್ಣ ಪದ್ಯ ಓದಿ:

ನಾನು ಹಾಕಿದ ಮೊದಲ ಸಹಿ
ಸ್ವಲ್ಪ ಸೊಟ್ಟಗಿದೆ.
ನಡೆಯಲು ಕಲಿತಾಗಲೂ
ಹೀಗೇ ಸೊಟ್ಟ ಹೆಜ್ಜೆ ಇಟ್ಟಿದ್ದೆ.
ಆಮೇಲೆ ಓಡಿದೆ.

ಇಲ್ಲಿ ಪ್ರಾಸ ಇಲ್ಲ. ರಾಗ ಇಲ್ಲ. ಆದರೂ ಇದು ಬರೀ ಸುದ್ದಿ ಅಲ್ಲ. ಸಹಿಯನ್ನು ಹೆಜ್ಜೆಯ ಪಕ್ಕದಲ್ಲಿ ಇಟ್ಟದ್ದರಿಂದ ಇದು ಪದ್ಯವಾಯಿತು. ಹೀಗೆ ಒಂದರ ಪಕ್ಕ ಇನ್ನೊಂದು ಇಡುವುದೇ ಹೋಲಿಕೆ. ಪದ್ಯದ ಜೀವ ಹೋಲಿಕೆಯಲ್ಲಿದೆ.

'ಹಾಗೆ' ಎಂಬ ಸೇತುವೆ

"ಮುದ್ದೆ ಬೆಣ್ಣೆ ಹಾಗೆ ಮೆತ್ತಗೈತೆ."

ಇದು ಎಲ್ಲರೂ ಆಡುವ ಮಾತು. ಇದನ್ನು ಬಿಚ್ಚಿ ನೋಡೋಣ.

ಯಾವುದನ್ನು ಹೋಲಿಸಿದೆವು? ಮುದ್ದೆಯನ್ನು.
ಯಾವುದಕ್ಕೆ? ಬೆಣ್ಣೆಗೆ.
ಯಾವ ಗುಣದಲ್ಲಿ? ಮೆತ್ತಗಿರುವುದರಲ್ಲಿ.
ಎರಡನ್ನೂ ಸೇರಿಸಿದ ಮಾತು ಯಾವುದು? 'ಹಾಗೆ'.

ಹಾಗೆ, ಹಂಗೆ, ಥರ, ಅಂತೆ ಎಂಬ ಮಾತು ಹಾಕಿ ಹೋಲಿಸಿದರೆ ಅದು ಉಪಮೆ. ಈ ಮಾತುಗಳು ಸೇತುವೆ ಇದ್ದ ಹಾಗೆ. ಈ ದಡದಿಂದ ಆ ದಡಕ್ಕೆ ದಾಟಿಸುತ್ತವೆ.

ಒಂದು ವಿಷಯ ನೆನಪಿಡಿ. ಬೆಣ್ಣೆ ಬೆಳ್ಳಗಿದೆ. ರಾಗಿ ಮುದ್ದೆ ಕಪ್ಪಗಿದೆ. ಬೆಣ್ಣೆ ಬಿಸಿಲಿಗೆ ಕರಗುತ್ತದೆ. ಮುದ್ದೆ ಕರಗುವುದಿಲ್ಲ. ಎರಡೂ ಎಲ್ಲದರಲ್ಲೂ ಒಂದೇ ಅಲ್ಲ. ಹೋಲುವುದು ಒಂದು ಗುಣ ಮಾತ್ರ. ಈ ಮಾತು ಮುಂದೆ ನಮಗೆ ಕೆಲಸಕ್ಕೆ ಬರುತ್ತದೆ.

ಹುಳಕ್ಕೆ ಜ್ವರ ಬಂದಿದೆಯೇ?

ಸೇತುವೆ ತೆಗೆದರೆ ಏನಾಗುತ್ತದೆ?

"ನನ್ನ ಮಗಳು ಚಿನ್ನದ ಹಾಗೆ" ಎಂದರೆ ಉಪಮೆ. "ನನ್ನ ಮಗಳು ಚಿನ್ನ" ಎಂದರೆ? ಇಲ್ಲಿ 'ಹಾಗೆ' ಇಲ್ಲ. ಮಗಳೇ ಚಿನ್ನ ಆಗಿಬಿಟ್ಟಳು. ಇದಕ್ಕೆ ರೂಪಕ ಎಂದು ಹೆಸರು.

ರೂಪಕ ಪುಸ್ತಕದಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಹುಳು ಸಾಕುವ ಮನೆಗೆ ಹೋಗಿ ಕೇಳಿ. "ಹುಳ ಎರಡನೇ ಜ್ವರಕ್ಕೆ ಕೂತವೆ" ಅನ್ನುತ್ತಾರೆ. ನಿಜವಾಗಿ ಹುಳಕ್ಕೆ ಜ್ವರ ಬಂದಿಲ್ಲ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ. ತಲೆ ಎತ್ತಿ ಅಲುಗದೆ ಕೂರುತ್ತದೆ. ಜ್ವರ ಬಂದ ಮನುಷ್ಯರೂ ಊಟ ಬಿಟ್ಟು ಸುಮ್ಮನೆ ಬಿದ್ದಿರುತ್ತಾರೆ. ಅದನ್ನು ಕಂಡ ಯಾರೋ ಹಿರಿಯರು ಅದಕ್ಕೆ ಜ್ವರ ಎಂದು ಹೆಸರಿಟ್ಟರು.

ನಾಲ್ಕು ಜ್ವರ ಎದ್ದ ಮೇಲೆ ಹುಳು ಮತ್ತೆ ಮೇದು ಬೆಳೆಯುತ್ತದೆ. ಆಮೇಲೆ ಮೈ ಹೊಳಪಾಗುತ್ತದೆ. ಮೇವು ಬಿಡುತ್ತದೆ. ಆಗ ಏನು ಹೇಳುತ್ತೇವೆ? "ಹುಳ ಹಣ್ಣಾದವು." ಹುಳು ಮರದಲ್ಲಿ ಬಿಟ್ಟ ಹಣ್ಣಲ್ಲ. ಆದರೆ ಮಾಗಿದ ಹಣ್ಣನ್ನು ಹೊತ್ತಿಗೆ ಸರಿಯಾಗಿ ಕೀಳಬೇಕು. ಮಾಗಿದ ಹುಳವನ್ನೂ ಹೊತ್ತಿಗೆ ಸರಿಯಾಗಿ ಚಂದ್ರಂಕಿಗೆ ಬಿಡಬೇಕು. ತಡ ಮಾಡಿದರೆ ನಷ್ಟ. 'ಹಣ್ಣು' ಎಂಬ ಒಂದೇ ಮಾತು ಇಷ್ಟು ಬುದ್ಧಿ ಹೇಳುತ್ತದೆ.

ಹುಳು ತನ್ನ ಸುತ್ತ ನೂಲು ಸುತ್ತಿಕೊಳ್ಳುತ್ತದೆ. ಅದನ್ನು 'ಗೂಡು' ಎನ್ನುತ್ತೇವೆ. ಗೂಡು ಕಟ್ಟುವುದು ಹಕ್ಕಿ. ಇಲ್ಲೂ ಹೋಲಿಕೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಆ ಗೂಡುಗಳು ರಾಮನಗರದ ಮಾರುಕಟ್ಟೆಗೆ ಹೋಗುತ್ತವೆ. ಮಾರುಕಟ್ಟೆಗೂ 'ಗೂಡಿನ ಮಾರುಕಟ್ಟೆ' ಎಂದೇ ಹೆಸರು.

ಸೂಜಿಯ ಕಣ್ಣು, ಮಡಕೆಯ ಬಾಯಿ, ಕೊಡದ ಕಂಠ, ಕುರ್ಚಿಯ ಕಾಲು. ಇವೂ ಹೋಲಿಕೆಯಿಂದ ಬಂದ ಹೆಸರೇ. ಆಡಿ ಆಡಿ ಹಳೆಯದಾಗಿವೆ. ಹೋಲಿಕೆ ಎಂಬುದೇ ಮರೆತುಹೋಗಿದೆ.

ಈಗ ನಮ್ಮ ಮೂರು ಸಾಲಿನ ಪದವನ್ನು ಇನ್ನೊಮ್ಮೆ ಓದಿ. ಗೂಡನ್ನು ಚಿಪ್ಪು ಎಂದೆವು. ಒಳಗಿರುವುದನ್ನು ಮುತ್ತು ಎಂದೆವು. 'ಹಾಗೆ' ಎನ್ನಲಿಲ್ಲ. ಇದು ಉಪಮೆಯೋ ರೂಪಕವೋ? ನೀವೇ ಹೇಳಿ.

ಕಲ್ಲಿಗೆ ಜೀವ, ಮೇಕೆಗೆ ರೆಕ್ಕೆ

ನಾಲ್ಕು ಸಾಲಿನ ಪದದಲ್ಲಿ ಮೋಡ ಏನು ಮಾಡಿತು? ಕಂಬಳಿ ಹೊದ್ದು ಕೂತಿತು. ಹಳ್ಳಿ ಏನು ಮಾಡಿತು? ಬಾಯಿ ಬಿಟ್ಟಿತು. ಮೋಡಕ್ಕೆ ಮೈಯಿಲ್ಲ, ಹಳ್ಳಿಗೆ ಬಾಯಿಲ್ಲ. ಆದರೂ ಅವನ್ನು ಮನುಷ್ಯರ ಹಾಗೆ ನಡೆಸಿದೆವು. ಇದು ಜೀವ ತುಂಬುವ ಮಾತು. ಮಳೆಯನ್ನು 'ಬಾರೆ' ಎಂದು ಗೆಳತಿಯ ಹಾಗೆ ಕರೆದದ್ದೂ ಇದೇ ಜಾತಿಯದು. ನಾವು ಭೂಮಿಯನ್ನು ತಾಯಿ ಎನ್ನುತ್ತೇವೆ. ಚಂದ್ರನನ್ನು ಚಂದಮಾಮ ಎನ್ನುತ್ತೇವೆ.

ಇನ್ನೊಂದು ಬಗೆ ಇದೆ. ಇದ್ದದ್ದನ್ನು ಬಹಳ ದೊಡ್ಡದು ಮಾಡಿ ಹೇಳುವುದು. "ನಿನ್ನ ಕಾದು ಕಾದು ಕಾಲು ಬೇರು ಬಿಟ್ಟವು ಕಣೆ" ಎನ್ನುತ್ತೇವೆ. ಕಾಲಿಗೆ ಬೇರು ಬರುವುದಿಲ್ಲ. ಬಹಳ ಹೊತ್ತು ಕಾದೆ ಎಂದು ಅರ್ಥ. ಇದಕ್ಕೆ ಅತಿಶಯೋಕ್ತಿ ಎಂದು ಹೆಸರು.

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿ ನದಿ ಕಾವೇರಿಯನ್ನು ಸೇರುತ್ತದೆ. ಆ ಜಾಗ ಸಂಗಮ. ಅಲ್ಲಿಂದ ಮುಂದೆ ಕಾವೇರಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಅದನ್ನು ಏನೆಂದು ಕರೆಯುತ್ತೇವೆ? ಮೇಕೆದಾಟು. ಮೇಕೆ ಒಂದೇ ನೆಗೆತಕ್ಕೆ ದಾಟುವಷ್ಟು ಕಿರಿದು ಎಂದು. ಊರಿನ ಹೆಸರಿನಲ್ಲೇ ಒಂದು ಅತಿಶಯೋಕ್ತಿ ಇದೆ, ಒಂದು ಚಿತ್ರ ಇದೆ.

ಅತಿಶಯೋಕ್ತಿ ಸುಳ್ಳಲ್ಲವೇ? ಅಲ್ಲ. ಹೇಳುವವರಿಗೂ ಕೇಳುವವರಿಗೂ ಇದು ಹೆಚ್ಚಿನ ಮಾತು ಎಂದು ಗೊತ್ತಿರುತ್ತದೆ. ಹೇಳುವವರಿಗೆ ಮಾತ್ರ ಗೊತ್ತಿದ್ದು, ಕೇಳುವವರು ನಂಬಿ ಕೆಟ್ಟರೆ ಅದು ಮೋಸ.

ಒಗಟು: ಬಚ್ಚಿಟ್ಟ ರೂಪಕ

ಹಸಿರು ಉಣ್ಣುತ್ತೆ, ಹೊನ್ನು ನೂಲುತ್ತೆ.
ಮನೆ ಕಟ್ಟುತ್ತೆ, ಬಾಗಿಲು ಇಡಲ್ಲ.
ಏನದು?

ಉತ್ತರ ನಿಮಗೆ ಆಗಲೇ ಹೊಳೆದಿದೆ. ಒಗಟಿನಲ್ಲಿ ಹೋಲಿಕೆ ಇರುತ್ತದೆ. ಯಾವುದನ್ನು ಹೋಲಿಸಿದೆವು ಎಂಬುದನ್ನು ಮಾತ್ರ ಬಚ್ಚಿಡುತ್ತೇವೆ. ಅದನ್ನು ಹುಡುಕುವುದೇ ಆಟ.

ಉಪಮೆ, ರೂಪಕ, ಅತಿಶಯೋಕ್ತಿ, ಪ್ರಾಸ ಇವಕ್ಕೆಲ್ಲ ಸೇರಿಸಿ ಅಲಂಕಾರ ಎಂದು ಹೆಸರು. ಓಲೆ, ಬಳೆ, ಮೂಗುತಿ ನಮಗೆ ಅಲಂಕಾರ. ಇವು ಮಾತಿಗೆ ಅಲಂಕಾರ.

ಹೋಲಿಕೆಯನ್ನೂ ಪ್ರಶ್ನೆ ಕೇಳಿ

ಅಲಂಕಾರ ಚೆಂದ. ಆದರೆ ಚೆಂದದ ಮಾತೆಲ್ಲ ನಿಜವಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಗೊತ್ತು.

"ವಯಸ್ಸಿಗೆ ಬಂದ ಮಗಳು ಸೆರಗಿನ ಕೆಂಡ" ಎನ್ನುತ್ತಾರೆ. ಕೇಳಿದ ಕೂಡಲೇ ಎದೆ ಝಲ್ ಎನ್ನುತ್ತದೆ. ಕೆಂಡವನ್ನು ಯಾರಾದರೂ ಸೆರಗಿನಲ್ಲಿ ಇಟ್ಟುಕೊಳ್ಳುತ್ತಾರೆಯೇ? ಬೇಗ ಕೊಡವಿಬಿಡುತ್ತಾರೆ. ಹಾಗೆಂದು ಹದಿನೈದು ಹದಿನಾರರ ಮಗಳಿಗೆ ಗಂಡು ಹುಡುಕುತ್ತಾರೆ. ಶಾಲೆ ಬಿಡಿಸುತ್ತಾರೆ.

ಮುದ್ದೆ ಬೆಣ್ಣೆಯ ಲೆಕ್ಕವನ್ನು ಇಲ್ಲಿ ಹಾಕಿ. ಯಾವುದನ್ನು ಹೋಲಿಸಿದರು? ಮಗಳನ್ನು. ಯಾವುದಕ್ಕೆ? ಕೆಂಡಕ್ಕೆ. ಯಾವ ಗುಣದಲ್ಲಿ? ಸುಡುವುದರಲ್ಲಿ. ಮಗಳು ಯಾರನ್ನು ಸುಟ್ಟಳು? ನೀರು ತಂದಳು. ಸೊಪ್ಪು ಕೊಯ್ದಳು. ತಮ್ಮನನ್ನು ಎತ್ತಿಕೊಂಡಳು. ಪಾಠ ಓದಿದಳು. ಆ ಗುಣ ಅವಳಲ್ಲಿ ಇಲ್ಲವೇ ಇಲ್ಲ. ಗುಣ ಹೊಂದದಿದ್ದರೆ ಹೋಲಿಕೆ ಬಿತ್ತು.

ಕಾನೂನು ಏನು ಹೇಳುತ್ತದೆ? ಹುಡುಗಿಗೆ 18 ವರ್ಷ, ಹುಡುಗನಿಗೆ 21 ವರ್ಷ ತುಂಬುವ ಮುಂಚೆ ಮದುವೆ ಮಾಡಬಾರದು. ಮಾಡಿದರೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ. ಇಂಥ ಮದುವೆ ನಡೆಯುವ ಸುಳಿವು ಸಿಕ್ಕರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಫೋನು ಮಾಡಬಹುದು. ದುಡ್ಡು ಬೀಳುವುದಿಲ್ಲ.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದೂ ಹೇಳುತ್ತಾರೆ. ಈ ಮಾತು ಹೇಳಿ ಹೇಳಿಯೇ ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಆಸ್ತಿ ಬೇಡ ಎಂದು ಬರೆಸಿಕೊಂಡಿದ್ದಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಆಯಿತು. ಅದರಂತೆ ಹಿಂದೂ ಕೂಡು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇದೆ. ಮದುವೆಯಾದರೂ ಇದೆ. ಗಾದೆ ದೊಡ್ಡದೋ ಕಾನೂನು ದೊಡ್ಡದೋ? ಯೋಚಿಸಿ.

ಇನ್ನು ಹಣದ ಮಾತು. "ನಮ್ಮ ಚೀಟಿಗೆ ಸೇರಿ, ದುಡ್ಡಿನ ಮಳೆ ಸುರಿಯುತ್ತೆ" ಎಂದು ಒಬ್ಬರು ಬರುತ್ತಾರೆ. "ಸಾಲ ಅಲ್ಲ ಅಕ್ಕ, ತವರು ಮನೆ ಉಡುಗೊರೆ" ಎಂದು ಇನ್ನೊಬ್ಬರು ಬರುತ್ತಾರೆ. ಮಳೆ, ತವರು, ಉಡುಗೊರೆ ಎಲ್ಲ ಇಂಪಾದ ಮಾತು. ಎಲ್ಲವೂ ರೂಪಕ. ನೀವು ಅಂಕಿ ಕೇಳಿ. ಎಷ್ಟು ರೂಪಾಯಿ? ಬಡ್ಡಿ ಎಷ್ಟು? ಎಷ್ಟು ತಿಂಗಳು? ಕಂತು ತಪ್ಪಿದರೆ ಏನು? ಕಾಗದ ಎಲ್ಲಿ? ಕಾಗದವನ್ನು ಪೂರ್ತಿ ಓದಿ. ಆಮೇಲೆ ಸಹಿ. ಉಡುಗೊರೆಗೆ ಕಂತು ಇರುವುದಿಲ್ಲ.

ಹಳೆಯ ಹೋಲಿಕೆ ಸರಿ ಇಲ್ಲದಿದ್ದರೆ ಹೊಸದನ್ನು ಕಟ್ಟಿ. ಕೆಂಡದಿಂದ ಮನೆ ಸುಡಬಹುದು. ಅದೇ ಕೆಂಡದಿಂದ ಒಲೆ ಹಚ್ಚಿ ಊರಿಗೆಲ್ಲ ಉಣ್ಣಿಸಬಹುದು. "ಮಗಳು ಒಲೆಯ ಕೆಂಡ" ಎಂದರೆ ಅರ್ಥವೇ ಬದಲಾಯಿತು. ಮಾತು ಕಟ್ಟಿದವರು ಮನುಷ್ಯರೇ. ಮನುಷ್ಯರೇ ಬದಲಾಯಿಸಬಹುದು.

ಬಾಯಲ್ಲಿರುವುದನ್ನು ಬರೆದಿಡಿ

ಈಗ ರಾಗಿ ಮಿಲ್ಲಿಗೆ ಹೋಗುತ್ತದೆ. ಭತ್ತವೂ ಮಿಲ್ಲಿಗೆ ಹೋಗುತ್ತದೆ. ಕೈ ನೋವು ತಪ್ಪಿತು, ಒಳ್ಳೆಯದು. ಆದರೆ ಬೀಸುವುದು ನಿಂತಾಗ ಬೀಸುವ ಪದವೂ ನಿಂತಿತು. ಮದುವೆ ಛತ್ರದಲ್ಲಿ ಧ್ವನಿವರ್ಧಕ ಹಾಡುತ್ತದೆ. ಅಜ್ಜಿ ಮೂಲೆಯಲ್ಲಿ ಸುಮ್ಮನೆ ಕೂರುತ್ತಾಳೆ. ಅವಳ ಎದೆಯಲ್ಲಿ ನೂರು ಪದ ಇವೆ. ಅವಳ ಜೊತೆಗೆ ಅವೂ ಹೋಗುತ್ತವೆ.

ಈ ನಷ್ಟ ಕಂಡು ಮರುಗಿದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನವರು. ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆ ಕೂಡಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ನಮ್ಮ ರಾಮನಗರದ ಹತ್ತಿರವೇ ಜಾನಪದ ಲೋಕ ತೆರೆದರು. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ, ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಅದು ಇದೆ. ಬೀಸುವ ಕಲ್ಲು, ಒನಕೆ, ಗೊಂಬೆ, ವೇಷ ಎಲ್ಲವನ್ನೂ ಅಲ್ಲಿ ಜೋಪಾನ ಮಾಡಿದ್ದಾರೆ. ನಾಗೇಗೌಡರು 2005ರಲ್ಲಿ ತೀರಿಕೊಂಡರು. ರಾಮನಗರ ಜಿಲ್ಲೆ ಆದದ್ದು 2007ರಲ್ಲಿ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಜಿಲ್ಲೆಯ ಹೆಸರು ಬದಲಾದರೂ ಪದ ಬದಲಾಗಲಿಲ್ಲ.

ಉತ್ತರ ಕನ್ನಡದ ಅಂಕೋಲಾ ಕಡೆ ಸುಕ್ರಿ ಬೊಮ್ಮಗೌಡ ಎಂಬ ಹಿರಿಯಜ್ಜಿ ಇದ್ದರು. ಹಾಲಕ್ಕಿ ಜನಾಂಗದವರು. ಶಾಲೆ ಕಂಡವರಲ್ಲ. ನೂರಾರು ಹಾಡು ಅವರ ನೆನಪಿನಲ್ಲಿತ್ತು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಹಾಡನ್ನು ಬರೆದುಕೊಂಡವರು ಇದ್ದರು. ನಮ್ಮ ಅಜ್ಜಿಯ ಹಾಡು ಬರೆದುಕೊಳ್ಳುವವರು ಯಾರು?

ನೀವೇ. ಬರೆಯುವುದು ಹೇಗೆ? ಈ ಮಾತುಕತೆ ಓದಿ.

ಸೊಸೆ: ಅತ್ತೆ, ಈ ಪದ ಯಾರು ಹೇಳ್ಕೊಟ್ರು?
ಅತ್ತೆ: ನಮ್ಮವ್ವ ಕಣಮ್ಮಿ. ರಾಗಿ ಬೀಸ್ತಾ ಹೇಳೋಳು.
ಸೊಸೆ: ಇನ್ನೊಂದು ಕಿತ ಹೇಳಿ ಅತ್ತೆ, ಬರ್ಕೊತೀನಿ.
ಅತ್ತೆ: ಇದ್ಯಾಕಮ್ಮಿ ಬರೀತೀಯ? ಇದೇನು ಪುಸ್ತಕದ್ದಾ?
ಸೊಸೆ: ಬರೆದ್ರೆ ಪುಸ್ತಕದ್ದೇ ಆಯ್ತದೆ ಅತ್ತೆ.

ಮೊದಲು ಪದ ಪೂರ್ತಿ ಕೇಳಿ. ಬೇಕಾದರೆ ಮೊಬೈಲಿನಲ್ಲಿ ಹಿಡಿದಿಡಿ. ಆಮೇಲೆ ಒಂದೊಂದೇ ಸಾಲು ಬರೆಯಿರಿ. ಅವರು ಹೇಳಿದ ಹಾಗೇ ಬರೆಯಿರಿ. 'ಐತೆ' ಎಂದರೆ 'ಐತೆ' ಎಂದೇ ಬರೆಯಿರಿ. ತಿದ್ದಬೇಡಿ. ಕೊನೆಗೆ ಹೇಳಿದವರ ಹೆಸರು, ಊರು, ಯಾವ ಕೆಲಸದ ಪದ, ಬರೆದ ದಿನ ಇಷ್ಟನ್ನೂ ಸೇರಿಸಿ. ಹಳೆಯ ಪದ ಕಟ್ಟಿದವರ ಹೆಸರು ನಮಗೆ ಗೊತ್ತಿಲ್ಲ. ಇನ್ನು ಮುಂದೆ ಹಾಗಾಗಬಾರದು.

ಮಾಡಿ ನೋಡಿ

1. ಉಪಮೆಯೋ, ರೂಪಕವೋ, ಅತಿಶಯೋಕ್ತಿಯೋ? ಎದುರಿಗೆ ಬರೆಯಿರಿ.
ಅ) ಅವರೆಕಾಯಿ ಸೊಗಡು ಊರೆಲ್ಲ ತುಂಬಿತು.
ಆ) ಮಗುವಿನ ಕೆನ್ನೆ ಮಾವಿನ ಹಣ್ಣಿನ ಹಾಗಿದೆ.
ಇ) ನಮ್ಮ ಸಂಘ ನಮಗೆ ಆಲದ ಮರ.

2. ಬಿಟ್ಟ ಜಾಗ ತುಂಬಿ. ನಿಮ್ಮದೇ ಹೋಲಿಕೆ ಹಾಕಿ.
ಅ) ನಾನು ಬರೆದ ಅಕ್ಷರ ________ ಹಾಗೆ ಇದೆ.
ಆ) ನನ್ನ ಅವ್ವ ಎಂದರೆ ________.

3. 'ಮಳೆ' ಎಂಬ ಮಾತಿಗೆ ಪ್ರಾಸ ಹೊಂದುವ ಮೂರು ಪದ ಬರೆಯಿರಿ. (ಬೆಳೆ, ಕಳೆ... ಇನ್ನು ಮೂರು ನೀವು.)

4. ನಿಮ್ಮ ಮನೆಯ ಒಂದು ವಸ್ತುವಿನ ಮೇಲೆ ಒಗಟು ಕಟ್ಟಿ. ಕೇಂದ್ರದಲ್ಲಿ ಎಲ್ಲರನ್ನೂ ಕೇಳಿ.

5. ಹೆಣ್ಣನ್ನು ಕೀಳು ಮಾಡುವ ಒಂದು ಗಾದೆ ನೆನಪಿಸಿಕೊಳ್ಳಿ. ಯಾವುದನ್ನು, ಯಾವುದಕ್ಕೆ, ಯಾವ ಗುಣದಲ್ಲಿ ಹೋಲಿಸಿದ್ದಾರೆ? ಅದು ಹೊಂದುತ್ತದೆಯೇ? ಗುಂಪಿನಲ್ಲಿ ಮಾತಾಡಿ.

6. ಈ ವಾರ ಒಬ್ಬ ಹಿರಿಯರಿಂದ ಒಂದು ಪದ ಕೇಳಿ ಬರೆದುಕೊಂಡು ಬನ್ನಿ.

(1ರ ಉತ್ತರ: ಅ – ಅತಿಶಯೋಕ್ತಿ. ಆ – ಉಪಮೆ. ಇ – ರೂಪಕ. ಒಗಟಿನ ಉತ್ತರ: ರೇಷ್ಮೆ ಹುಳು.)